ಉದ್ಯಮವೀರ ಲಕ್ಷ್ಮಣರಾವ್ ಕಿರ್ಲೋಸ್ಕರರು

ಬೇಸಗೆಯ ರಜೆ ಬಂದಿತೆಂದರೆ ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮಲ್ಲಿ ಎಷ್ಟೋ ಜನ ಮಿರಜದ ಮಾರ್ಗವಾಗಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಸಾಗುವ ರೈಲನ್ನೇರುತ್ತೇವೆ. ಸಾತಾರೆ ಹಿಂದೆ ಬಿದ್ದು, ಕರಾಡವೂ ದಾಟಿ, ಸಾಂಗಲಿ ಇನ್ನೇನು ಬರಬೇಕೆನ್ನುವಷ್ಟರಲ್ಲಿ ಚಿಕ್ಕದೊಂದು ನಿಲ್ದಾಣವು ಕಣ್ಣಿಗೆ ಬೀಳುತ್ತದೆ. ಅದರ ಫಲಕದ ಮೇಲೆ ಕಿರ್ಲೋಸ್ಕರವಾಡಿ ಎಂಬ ಹೆಸರಿದೆ. ಗಾಡಿ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ; ನಮ್ಮ ಬುತ್ತಿಯ ಗಂಟು ಬಿಚ್ಚುವುದರೊಳಗಾಗಿ ಹೊರಟುಬಿಡುತ್ತದೆ. ಆದರೆ ಆ ನಿಲ್ದಾಣದ ಹೆಸರಿನ ಹಿಂದೆ ಒಬ್ಬ ಮನುಷ್ಯನ ಎಪ್ಪತ್ತು ವರ್ಷಗಳ ದುಡಿಮೆಯು ಅಡಗಿದೆ. ಆ ಮನುಷ್ಯನು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಹಳ್ಳಿಯೊಂದರಲ್ಲಿ. ಅವನ ಮನೆತನದ ಉದ್ಯಮವು ಕೊಂಬೆಯೊಡೆದು ಹಬ್ಬಿದ್ದು ನಾವಿರುವ ಈ ಪುಣೆಯವರೆಗೆ.

ಇಂಥವರ ಜೀವನವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ. ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬಿಬ್ಬರು ಹುಡುಗರಾದರೂ ಇಂಥವರಿರುತ್ತಾರೆ: ಕೈಗೆ ಸಿಕ್ಕ ಗಡಿಯಾರವನ್ನು ಬಿಚ್ಚದೆ ಬಿಡರು, ಸೈಕಲ್ಲಿನ ಸರಪಳಿಯನ್ನು ಕಳಚಿ ಮತ್ತೆ ತೊಡಿಸದೆ ಸುಮ್ಮನಿರರು, ಕೆಟ್ಟುನಿಂತ ಮೋಟಾರಿನ ಮುಂದೆ ಗುಂಪು ಸೇರಿದರೆ ಎಲ್ಲರಿಗಿಂತ ಮುಂದೆ ತಲೆ ಚಾಚುವವರು ಅವರೇ. ಮನೆಯಲ್ಲಿ ಅವರಿಗೆ ಬೈಗುಳವೇ ಹೆಚ್ಚು. ಕೈಯೆಲ್ಲ ಮಸಿ ಮಾಡಿಕೊಂಡು ಬರುವ ಮಗನು ಓದಿನಲ್ಲಿ ಹಿಂದೆ ಬೀಳುವನೆಂದು ತಾಯ್ತಂದೆಗಳಿಗೆ ಚಿಂತೆ. ಆ ಚಿಂತೆ ನಿರಾಧಾರವಾದುದೆಂದು ನಾವು ಹೇಳಲಾರೆವು. ಆದರೆ ಬಿಚ್ಚಿ ಜೋಡಿಸುವ ಈ ಗೀಳು ಒಬ್ಬ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯಬಲ್ಲದೆಂಬುದನ್ನೂ, ಅದಕ್ಕಾಗಿ ಅವನು ತೆರಬೇಕಾದ ಬೆಲೆ ಎಷ್ಟೆಂಬುದನ್ನೂ ಲಕ್ಷ್ಮಣರಾಯರ ಚರಿತ್ರೆಯು ತೋರಿಸಿಕೊಡುತ್ತದೆ.

ಲಕ್ಷ್ಮಣ ಕಾಶೀನಾಥ ಕಿರ್ಲೋಸ್ಕರರು 1869ನೆಯ ಇಸವಿಯ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ, ಬೀದಿಯ ಮಾತು, ಹೊಲಗದ್ದೆಗಳ ಮಾತು ಕನ್ನಡ. ಎರಡು ಭಾಷೆಗಳ ನಡುವೆ ಬೆಳೆಯುವುದೆಂದರೇನೆಂಬುದನ್ನು ಪುಣೆಯ ಕನ್ನಡ ಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿ, 1880ರಲ್ಲಿ ಇದೇ ಪುಣೆಯಲ್ಲಿ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಗುರ್ಲಹೊಸೂರಿನಲ್ಲಿಯೇ. ಹೀಗೆ ಒಂದೇ ಹಳ್ಳಿಯು ರಂಗಭೂಮಿಗೊಬ್ಬರನ್ನೂ ಯಂತ್ರಶಾಲೆಗೊಬ್ಬರನ್ನೂ ಕೊಟ್ಟಿತು.

ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರಾದ ಪಂಡಿತರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನು ಶಾಸ್ತ್ರಗಳನ್ನೋದಬೇಕು, ಇಲ್ಲವೇ ಇಂಗ್ಲೀಷು ಕಲಿತು ಸರಕಾರದ ನೌಕರಿ ಹಿಡಿಯಬೇಕು ಎಂಬುದು ಅಂದಿನ ರೂಢಿ. ಬಾಲಕ ಲಕ್ಷ್ಮಣನಿಗಾದರೋ ಪುಸ್ತಕದಲ್ಲಿ ಮನಸ್ಸು ನಿಲ್ಲದು. ಅವನ ಒಲವು ಎರಡೇ ವಿಷಯಗಳ ಕಡೆಗೆ: ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರ. ಮನೆಯವರಿಗೆ ಇವೆರಡೂ ಹೊಟ್ಟೆ ಹೊರೆಯುವ ವಿದ್ಯೆಗಳಾಗಿ ತೋರಲಿಲ್ಲ. ಆ ಹೊತ್ತಿನಲ್ಲಿ ತಮ್ಮನ ಬೆನ್ನಿಗೆ ನಿಂತವರು ಅಣ್ಣನಾದ ರಾಮುಅಣ್ಣನವರು. ತಮ್ಮ ಗಳಿಕೆಯಲ್ಲಿ ಪಾಲು ತೆಗೆದು, 1885ರಲ್ಲಿ ಲಕ್ಷ್ಮಣನನ್ನು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಕಳುಹಿಸಿದರು. ಆಗ ಲಕ್ಷ್ಮಣನ ವಯಸ್ಸು ಹದಿನಾರು.

ಎರಡು ವರ್ಷಗಳು ಕಳೆದುವು. ಚಿತ್ರಗಾರನಾಗುವ ಕನಸು ಕೈಗೂಡುವ ಲಕ್ಷಣಗಳು ಕಾಣತೊಡಗಿದ್ದುವು. ಅಷ್ಟರಲ್ಲಿಯೇ ವಿಧಿಯು ಅಡ್ಡ ನಿಂತಿತು. ಲಕ್ಷ್ಮಣನ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದವು ಸರಿಯಾಗಿ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಇದಕ್ಕೆ ವರ್ಣಾಂಧತೆಯೆಂದು ಹೆಸರು. ಕಣ್ಣಿನ ಒಳಪೊರೆಯಲ್ಲಿ ಬಣ್ಣಗಳನ್ನು ಗುರುತಿಸುವ ಸೂಕ್ಷ್ಮ ಕೋಶಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಯವು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡದಿದ್ದರೆ ಈ ದೋಷವು ಉಂಟಾಗುತ್ತದೆ. ದೃಷ್ಟಿಯು ಉಳಿದೆಲ್ಲ ರೀತಿಯಿಂದ ಚೊಕ್ಕಟವಾಗಿದ್ದರೂ ಬಣ್ಣದ ಚಿತ್ರ ಬರೆಯುವವನಿಗೆ ಇದೊಂದು ದೊಡ್ಡ ಕೊರತೆ. ಅಣ್ಣನ ಹಣವೂ ತನ್ನ ಎರಡು ವರ್ಷಗಳೂ ನೀರಿನಲ್ಲಿ ಹೋಮ ಮಾಡಿದಂತಾದುವೆಂದು ಹದಿನೆಂಟರ ಹುಡುಗನಿಗೆ ಎಷ್ಟು ಸಂಕಟವಾಗಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಆದರೆ ಲಕ್ಷ್ಮಣನು ಊರಿಗೆ ಮರಳಲಿಲ್ಲ. ಬಣ್ಣವು ಕೈಬಿಟ್ಟರೇನು, ಗೆರೆಯು ಕೈಬಿಟ್ಟಿರಲಿಲ್ಲ. ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಗೆ ಬಣ್ಣದ ಹಂಗಿಲ್ಲ. ಅಳತೆ ತಪ್ಪದ ಕಣ್ಣು, ನಡುಗದ ಕೈ, ಇವೆರಡಿದ್ದರೆ ಸಾಕು. ಒಂದು ಗಾಲಿಯನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುವುದೆಂಬುದನ್ನು ಕಾಗದದ ಮೇಲೆ ಇಳಿಸಿದರೆ, ಆ ಗಾಲಿಯನ್ನು ಕಂಡರಿಯದ ಕಮ್ಮಾರನೂ ಅದನ್ನು ಮಾಡಿಕೊಡಬಲ್ಲನು. ಈ ವಿದ್ಯೆಯಲ್ಲಿ ಪಳಗಿದ ಲಕ್ಷ್ಮಣರಾಯರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಉಪಾಧ್ಯಾಯರ ಕೆಲಸ ದೊರೆಯಿತು. ಇಂದು ಅದೇ ಸಂಸ್ಥೆಯು ವೀರಮಾತಾ ಜೀಜಾಬಾಯಿಯವರ ಹೆಸರಿನಲ್ಲಿ ನಡೆಯುತ್ತಿದೆ. ಪಾಠ ಮುಗಿದ ಮೇಲೆ ಮನೆಗೆ ಹೋಗುವ ಬದಲು ಅವರು ಅಲ್ಲಿಯ ಯಂತ್ರಶಾಲೆಗೆ ಇಳಿಯುವರು. ಲೇಥ್ ಹೇಗೆ ತಿರುಗುತ್ತದೆ, ಎರಕದ ಅಚ್ಚು ಹೇಗೆ ಕಟ್ಟುತ್ತಾರೆ, ಅರ ಹಿಡಿದು ಲೋಹವನ್ನು ಉಜ್ಜುವುದು ಹೇಗೆ ಎಂಬುದನ್ನೆಲ್ಲ ಕೈಮುಟ್ಟಿ ಕಲಿತರು. ಯಾವ ಪದವಿಯನ್ನೂ ಅವರು ಪಡೆಯಲಿಲ್ಲ. ಅವರ ಪ್ರಶಸ್ತಿಪತ್ರವೆಲ್ಲ ಅವರ ಅಂಗೈಯ ಮೇಲೆ ಮೂಡಿದ್ದಿತು.

ಇಂಥ ಸಮಯದಲ್ಲಿಯೇ ಮುಂಬಯಿಯ ರಸ್ತೆಯಲ್ಲಿ ಒಬ್ಬನು ಸೈಕಲ್ಲಿನ ಮೇಲೆ ಹೋಗುತ್ತಿದ್ದುದು ಲಕ್ಷ್ಮಣರಾಯರ ಕಣ್ಣಿಗೆ ಬಿದ್ದಿತು. ಅವರು ಸೈಕಲ್ಲನ್ನು ಕಂಡದ್ದು ಅದೇ ಮೊದಲು. ಇಂದು ನಮಗೆ ಸೈಕಲ್ಲೆಂದರೆ ಮನೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತ ವಸ್ತು. ಆ ಕಾಲಕ್ಕೆ ಅದು ಜಗತ್ತಿನ ಹೊಸ ಸೋಜಿಗ. ಸಮನಾದ ಎರಡು ಗಾಲಿಗಳೂ ಹಿಂದಿನ ಗಾಲಿಗೆ ಸರಪಳಿಯೂ ಉಳ್ಳ ಸೈಕಲ್ಲನ್ನು ಇಂಗ್ಲಂಡಿನಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಹೊರತಂದದ್ದು 1885ರಲ್ಲಿ. ಗಾಳಿ ತುಂಬಿದ ರಬ್ಬರಿನ ಟಾಯರಿಗೆ ಡನ್ಲಪ್ ಹಕ್ಕುಪತ್ರ ಪಡೆದದ್ದು 1888ರಲ್ಲಿ. ಅದೇ 1888ರಲ್ಲಿ ಬೆಳಗಾವಿಯಲ್ಲಿ ರಾಮುಅಣ್ಣನವರೂ ಲಕ್ಷ್ಮಣರಾಯರೂ ಕೂಡಿ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಸೈಕಲ್ ಅಂಗಡಿಯನ್ನು ತೆರೆದರು. ತಮ್ಮನು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಕಳುಹಿಸುವನು. ಅಣ್ಣನು ಬೆಳಗಾವಿಯಲ್ಲಿ ಅದನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುವನು. ಅಂಗಡಿಯಿದ್ದ ಬೀದಿಯನ್ನು ಬೆಳಗಾವಿಯವರು ಇಂದಿಗೂ ಕಿರ್ಲೋಸ್ಕರ್ ರಸ್ತೆಯೆಂದೇ ಕರೆಯುತ್ತಾರೆ.

ಸೈಕಲ್ಲನ್ನು ಮಾರಿದವನು ಅದನ್ನು ದುರಸ್ತಿಯನ್ನೂ ಮಾಡಿಕೊಡಬೇಕು. ಈ ಮಾತಿನಲ್ಲಿಯೇ ಒಂದು ಮರ್ಮವಿದೆ. ಚಿಕ್ಕದಾದರೂ ಸೈಕಲ್ಲು ಪೂರ್ಣವಾದ ಯಂತ್ರ. ಉರುಳೆಯ ಗುಂಡುಗಳು ಸವೆತವನ್ನು ಹೇಗೆ ತಗ್ಗಿಸುತ್ತವೆ, ಹಲ್ಲುಗಾಲಿಯೂ ಸರಪಳಿಯೂ ಕೂಡಿ ಶಕ್ತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೇಗೆ ಸಾಗಿಸುತ್ತವೆ, ಟೊಳ್ಳಾದ ಕೊಳವೆಯು ಗಟ್ಟಿಯಾದ ಸಲಾಕೆಗಿಂತ ಹಗುರವಾಗಿದ್ದೂ ಭಾರವನ್ನು ಹೇಗೆ ತಾಳುತ್ತದೆ, ಎಳೆದು ಕಟ್ಟಿದ ತೆಳ್ಳನೆಯ ತಂತಿಗಳು ಗಾಲಿಯನ್ನು ಹೇಗೆ ದುಂಡಗೆ ನಿಲ್ಲಿಸುತ್ತವೆ, ಇವೆಲ್ಲವನ್ನೂ ಅದೊಂದೇ ಯಂತ್ರವು ಕಲಿಸುತ್ತದೆ. ಆದುದರಿಂದಲೇ ಆ ಕಾಲದ ಸೈಕಲ್ ಅಂಗಡಿಗಳು ಎಷ್ಟೋ ದೇಶಗಳಲ್ಲಿ ದೊಡ್ಡ ಉದ್ಯಮಗಳಿಗೆ ತೊಟ್ಟಿಲಾದುವು. ಜರ್ಮನಿಯ ಓಪೆಲ್ ಮನೆತನದವರು ಸೈಕಲ್ಲು ಮಾಡುತ್ತಲೇ 1899ರಲ್ಲಿ ಮೋಟಾರು ಮಾಡಿದರು. ಬೊಹಿಮಿಯಾದಲ್ಲಿ ಲಾರಿನ್, ಕ್ಲೆಮೆಂಟ್ ಎಂಬಿಬ್ಬರು 1895ರಲ್ಲಿ ತೆರೆದ ಸೈಕಲ್ ಅಂಗಡಿಯಿಂದಲೇ ಮುಂದೆ ಸ್ಕೋಡಾ ಮೋಟಾರು ಹುಟ್ಟಿತು. ಅಮೆರಿಕದ ಹೆನ್ರಿ ಫೋರ್ಡನು 1896ರಲ್ಲಿ ಬಿಡುವಿನ ವೇಳೆಯಲ್ಲಿ ಕೂಡಿಸಿದ ಮೊದಲ ಗಾಡಿಗೆ ಸೈಕಲ್ಲಿನಂಥ ಗಾಲಿಗಳನ್ನೇ ಹಾಕಿದ್ದನು. ಡೇಟನ್ ಪಟ್ಟಣದಲ್ಲಿ ಸೈಕಲ್ಲು ದುರಸ್ತಿ ಮಾಡುತ್ತಿದ್ದ ರೈಟ್ ಸೋದರರು 1903ರಲ್ಲಿ ಆಕಾಶಕ್ಕೇ ಹಾರಿದರು. ಅದೇ ಕಾಲದಲ್ಲಿ ಬೆಳಗಾವಿಯ ಸೋದರರು ಏನು ಮಾಡಿದರೆಂಬುದನ್ನು ಇನ್ನು ನೋಡೋಣ.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ನ್ಯಾಯವಾಗಿ ಸಿಗಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋಯಿತು. ಆಳರಸರ ಕಾಲದಲ್ಲಿ ಇಂಥ ಅನ್ಯಾಯವನ್ನು ಉಣ್ಣದ ಭಾರತೀಯರು ವಿರಳ. ಬಹುಮಂದಿ ಅದನ್ನು ನುಂಗಿಕೊಂಡು ಕುರ್ಚಿಯಲ್ಲಿಯೇ ಉಳಿಯುತ್ತಿದ್ದರು. ಲಕ್ಷ್ಮಣರಾಯರು ಉಳಿಯಲಿಲ್ಲ. ಕೆಲಸಕ್ಕೆ ರಾಜೀನಾಮೆಯಿತ್ತು ನೆಟ್ಟಗೆ ಬೆಳಗಾವಿಗೆ ಬಂದುಬಿಟ್ಟರು. ತಿಂಗಳು ತಿಂಗಳು ಬರುವ ಸಂಬಳವನ್ನು ಬಿಟ್ಟು, ಪಂಡಿತರ ಮಗನು ಮಸಿ ಹತ್ತಿದ ಅಂಗಿ ತೊಟ್ಟು ಕಮ್ಮಾರಸಾಲೆಯಂಥ ಜಾಗದಲ್ಲಿ ದುಡಿಯಲು ನಿಂತದ್ದು ಅಂದಿನ ಸಮಾಜಕ್ಕೆ ವಿಚಿತ್ರವಾಗಿಯೇ ಕಂಡಿರಬೇಕು.

ಬೆಳಗಾವಿಯಲ್ಲಿ ಅವರು ಸೈಕಲ್ಲಿನಾಚೆಗೂ ಕಣ್ಣು ಹಾಯಿಸಿದರು. ಸುತ್ತಲಿನ ಒಕ್ಕಲಿಗರು ದನಗಳಿಗೆ ಜೋಳದ ಸೊಪ್ಪೆಯನ್ನು ಇಡಿಯಾಗಿಯೇ ಹಾಕುವರು, ಇಲ್ಲವೇ ಕೊಡಲಿಯಿಂದ ಕಡಿದು ಹಾಕುವರು. ದನಗಳು ಎಲೆಯನ್ನು ತಿಂದು ಗಟ್ಟಿಯಾದ ದಂಟನ್ನು ಬಿಡುವುವು. ಮೇವಿನ ಎಷ್ಟೋ ಪಾಲು ತುಳಿದು ಹಾಳಾಗುವುದು. ಗಾಲಿಗೆ ಅಲಗು ಕಟ್ಟಿ ಕೈಯಿಂದ ತಿರುಗಿಸಿದರೆ ಸೊಪ್ಪೆಯನ್ನು ಸಣ್ಣಗೆ ಕತ್ತರಿಸಬಹುದು. ಆಗ ದಂಟು ಕೂಡ ದನದ ಹೊಟ್ಟೆ ಸೇರುತ್ತದೆ. ಹೀಗೆ ಮೇವು ಕತ್ತರಿಸುವ ಯಂತ್ರವು ಸಿದ್ಧವಾಯಿತು. ಬರಗಾಲದ ಬಾಯಿಗೆ ಮೇಲಿಂದ ಮೇಲೆ ಸಿಕ್ಕುವ ಈ ಸೀಮೆಯಲ್ಲಿ ಮೇವಿನ ಉಳಿತಾಯವು ಸಣ್ಣ ಮಾತಲ್ಲ.

ಅದರ ಬೆನ್ನಿಗೇ ಕಬ್ಬಿಣದ ನೇಗಿಲು ಬಂದಿತು. ನಮ್ಮ ಹಳ್ಳಿಗಳ ಮರದ ರಂಟೆಯು ನೆಲವನ್ನು ಗೀರುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗಾದರೋ ತುದಿಯಲ್ಲಿ ಹರಿತವಾದ ಕುಳ, ಅದರ ಹಿಂದೆ ತಿರುಚಿದಂತಿರುವ ಅಗಲವಾದ ಹಲಗೆ. ಕುಳವು ಮಣ್ಣನ್ನು ಆಳಕ್ಕೆ ಸೀಳಿದರೆ ಹಲಗೆಯು ಆ ಹೆಂಟೆಯನ್ನು ಎತ್ತಿ ಪಕ್ಕಕ್ಕೆ ಬೋರಲು ಹಾಕುತ್ತದೆ. ಕಳೆಯು ಕೆಳಗೆ ಬಿದ್ದು ಕೊಳೆತು ಗೊಬ್ಬರವಾಗುತ್ತದೆ, ಕೆಳಗಿನ ಮಣ್ಣು ಬಿಸಿಲು ಕಾಣುತ್ತದೆ. ಪರದೇಶದ ನೇಗಿಲುಗಳು ಈ ದೇಶಕ್ಕೆ ಬರುತ್ತಿದ್ದುವು. ಅವನ್ನು ಬಿಚ್ಚಿ, ಅಳೆದು, ನಕ್ಷೆ ತೆಗೆದು, ನಮ್ಮ ಎತ್ತುಗಳಿಗೂ ನಮ್ಮ ನೆಲಕ್ಕೂ ಒಗ್ಗುವಂತೆ ಇಲ್ಲಿಯೇ ಮಾಡಬೇಕೆಂಬುದು ಲಕ್ಷ್ಮಣರಾಯರ ಸಂಕಲ್ಪ.

ನೇಗಿಲು ಸಿದ್ಧವಾಯಿತು; ಕೊಳ್ಳುವವರು ಬರಲಿಲ್ಲ. ಕಬ್ಬಿಣವು ಭೂತಾಯಿಗೆ ವಿಷವಾಗುತ್ತದೆ, ಅದು ತಾಗಿದ ನೆಲದಲ್ಲಿ ಬೆಳೆ ಬಾರದು ಎಂಬ ನಂಬಿಕೆಯು ಒಕ್ಕಲುಮಕ್ಕಳಲ್ಲಿ ಬೇರೂರಿತ್ತು. ಒಂದಲ್ಲ, ಎರಡು ವರ್ಷಗಳವರೆಗೆ ಒಂದು ನೇಗಿಲೂ ಮಾರಾಟವಾಗಲಿಲ್ಲವೆಂದರೆ ಆ ಸೋದರರ ಸ್ಥಿತಿಯನ್ನು ನೀವೇ ಕಲ್ಪಿಸಿಕೊಳ್ಳಿರಿ. ಆದರೆ ರೈತನನ್ನು ಮೂಢನೆಂದು ಹಳಿಯುವುದು ಸುಲಭ, ಅವನ ಸಂದೇಹವನ್ನು ಅರಿಯುವುದು ಕಷ್ಟ. ವರ್ಷಕ್ಕೊಂದೇ ಬೆಳೆ ತೆಗೆಯುವವನು ಹೊಸದನ್ನು ಪರೀಕ್ಷಿಸಲು ಹೋಗಿ ಆ ಬೆಳೆಯನ್ನೇ ಕಳೆದುಕೊಂಡರೆ ಅವನ ಮಕ್ಕಳು ಉಪವಾಸ ಬೀಳಬೇಕು. ಮಾತಿನಿಂದ ತೊಲಗುವ ಸಂದೇಹವಲ್ಲ ಅದು. ಉತ್ತ ಹೊಲದಲ್ಲಿ ಎದ್ದುನಿಂತ ಬೆಳೆಯೊಂದೇ ಅದಕ್ಕೆ ಉತ್ತರ. ಆ ಉತ್ತರ ದೊರೆಯುವವರೆಗೆ ಕಾಯುವ ಎದೆಗಾರಿಕೆ ಲಕ್ಷ್ಮಣರಾಯರಲ್ಲಿತ್ತು. ಮೆಲ್ಲಮೆಲ್ಲನೆ ನೇಗಿಲು ಹೊಲಕ್ಕಿಳಿಯಿತು. ಒಬ್ಬನ ಹೊಲವನ್ನು ನೋಡಿ ಇನ್ನೊಬ್ಬನು ಬಂದನು.

ಕೆಲಸವು ಕುದುರುತ್ತಿದೆಯೆನ್ನುವಾಗಲೇ ಇನ್ನೊಂದು ಪೆಟ್ಟು ಬಿದ್ದಿತು. ಬೆಳಗಾವಿಯ ನಗರಸಭೆಯ ನಿರ್ಬಂಧಗಳಿಂದಾಗಿ ಕಾರ್ಖಾನೆಯನ್ನು ಅಲ್ಲಿಂದ ಕೀಳಬೇಕಾಯಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ನಿಲ್ಲಲು ಮಾತ್ರ ನೆಲವಿಲ್ಲ! ಆಗ ಆಸರೆಯಾದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸ್ವತಃ ಚಿತ್ರಕಾರರಾಗಿದ್ದ ಈ ಅರಸರಿಗೆ ಲಕ್ಷ್ಮಣರಾಯರ ಕೈಗುಣದ ಪರಿಚಯವಿತ್ತು. ಔಂಧದಲ್ಲಿ ಒಂದು ಸಭಾಮಂಟಪವನ್ನು ಕಟ್ಟುವ ಕೆಲಸವನ್ನು ಅವರಿಗೆ ವಹಿಸಿದ್ದರು. ಕಾರ್ಖಾನೆಗೆ ನೆಲೆಯಿಲ್ಲವೆಂಬುದು ತಿಳಿದಾಗ ತಮ್ಮ ಸಂಸ್ಥಾನದ ಎಲ್ಲೆಯಲ್ಲಿದ್ದ ಕುಂಡಲ ರೋಡ್ ರೈಲ್ವೆ ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನು ಕೊಟ್ಟರು. ಹತ್ತು ಸಾವಿರ ರೂಪಾಯಿಗಳ ಸಾಲವೂ ದೊರೆಯಿತು.

ಭೂಮಿಯೇನೋ ಸಿಕ್ಕಿತು. ಅದು ಎಂಥ ಭೂಮಿ! ನೀರಿಲ್ಲ, ನೆರಳಿಲ್ಲ, ಕಣ್ಣು ಹಾಯಿಸಿದೆಡೆಯೆಲ್ಲ ಪಾಪಾಸುಕಳ್ಳಿ, ಕಳ್ಳಿಯ ಬುಡದಲ್ಲಿ ನಾಗರಹಾವು. ಇಪ್ಪತ್ತೈದು ಜನ ಕೆಲಸಗಾರರು ತಮ್ಮ ಹೆಂಡಿರು ಮಕ್ಕಳೊಡನೆ ಬಂದು ಆ ಕಾಡಿನಲ್ಲಿ ಇಳಿದರು. 1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿಯ ಹುಟ್ಟು. ಕಳ್ಳಿ ಕಡಿಯುವ ಕೆಲಸವೂ ನೇಗಿಲು ಮಾಡುವ ಕೆಲಸವೂ ಜೊತೆಜೊತೆಯಾಗಿ ಸಾಗಿದುವು. ಕಾರ್ಖಾನೆಯೆಂದರೆ ಹೊಗೆ, ಅದರ ಸುತ್ತ ಕೊಳಕು ಕೇರಿ ಎಂಬುದು ಅಂದಿನ ಮುಂಬಯಿಯ ನೋಟ. ಲಕ್ಷ್ಮಣರಾಯರಿಗೆ ಹಾಗಾಗುವುದು ಬೇಡವಾಗಿತ್ತು. ದುಡಿಯುವವನ ಮನೆ, ಅವನ ಮಕ್ಕಳ ಶಾಲೆ, ಅವನ ಕುಡಿಯುವ ನೀರು, ಇವೆಲ್ಲ ಕಾರ್ಖಾನೆಯ ಅಂಗಗಳೇ ಎಂದು ಅವರು ಬಗೆದರು. ಊರನ್ನು ಅಚ್ಚುಕಟ್ಟಾಗಿ ಕಟ್ಟಿಸಿ ನೋಡಿಕೊಳ್ಳುವ ಹೊಣೆಯನ್ನು ರಾಮುಅಣ್ಣನವರು ಹೊತ್ತರು. ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ ಕೂಡಿದ ಅಣ್ಣತಮ್ಮಂದಿರು ಇಲ್ಲಿಯೂ ಬೇರಾಗಲಿಲ್ಲ.

ಈ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಜಾತಿಯೊಂದಕ್ಕೆ ಬೇರೆ ಬಾವಿ, ಬೇರೆ ಕೇರಿ ಎಂಬುದು ಹಳ್ಳಿಹಳ್ಳಿಗೂ ಕಟ್ಟಳೆಯಾಗಿದ್ದ ದಿನಗಳಲ್ಲಿ ಅವರು ಅದನ್ನು ತಮ್ಮ ವಾಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಮನುಷ್ಯರನ್ನು ಆರಿಸುವುದರಲ್ಲಿಯೂ ಅವರದು ವಿಲಕ್ಷಣವಾದ ರೀತಿ. ಕೆಟ್ಟ ಯಂತ್ರವನ್ನು ಗುಜರಿಗೆ ಎಸೆಯದೆ, ಯಾವ ಭಾಗ ಸವೆದಿದೆ, ಯಾವುದು ಇನ್ನೂ ಗಟ್ಟಿಯಾಗಿದೆ ಎಂದು ನೋಡುವ ಕಣ್ಣನ್ನೇ ಅವರು ಮನುಷ್ಯರ ಮೇಲೂ ಇಟ್ಟರು. ರೈಲಿನಲ್ಲಿ ಫೈರ್‌ಮನ್ನರಾಗಿದ್ದ ಶಂಭುರಾವ್ ಜಾಂಭೇಕರರು ಕಾರ್ಖಾನೆಯ ಆಧಾರಸ್ತಂಭಗಳಲ್ಲೊಬ್ಬರಾದರು. ಓದಿನಲ್ಲಿ ಗೆಲ್ಲಲಾರದೆ ಬಂದ ಅನಂತರಾವ್ ಫಳಣೀಕರರು ಎಂಜಿನಿಯರರ ಕೆಲಸವನ್ನು ಮಾಡಿ ತೋರಿಸಿದರು. ಸೆರೆಮನೆ ಕಂಡು ಬಂದವರನ್ನೂ ಕರೆದು ಕಾವಲಿಗಿಟ್ಟರು. ಊರೆಲ್ಲ ಶಂಕಿಸಿದವರು ನಂಬಿದವನ ಮನೆಯನ್ನು ನಿಷ್ಠೆಯಿಂದ ಕಾಯ್ದರು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಪರದೇಶದ ಹಡಗುಗಳು ವಿರಳವಾದುವು. ಪರದೇಶದ ನೇಗಿಲೂ ಬಾರದಾಯಿತು. ಸ್ವದೇಶೀ ನೇಗಿಲಿಗೆ ಬೇಡಿಕೆ ಬೆಳೆಯಿತು. ಆದರೆ ಅದನ್ನು ಎರೆಯಲು ಬೇಕಾದ ಕಬ್ಬಿಣಕ್ಕೂ ಕಲ್ಲಿದ್ದಲಿಗೂ ಬರ ಬಂದಿತು. ಇದ್ದುದರಲ್ಲಿಯೇ ಸರಿದೂಗಿಸುವ ಹಳೆಯ ಅಭ್ಯಾಸವು ಆಗ ಕೈಹಿಡಿಯಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನೋಂದಾಯಿತ ಕಂಪನಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಎಂದು ಒಂದರ ಹಿಂದೊಂದರಂತೆ ಒಕ್ಕಲುತನದ ಸಾಧನಗಳು ಹೊರಬಂದುವು. ಅದೇ ವರ್ಷ ಮನೆತನದ ಶಂಕರರಾವ್ ಕಿರ್ಲೋಸ್ಕರರು ಕಾರ್ಖಾನೆಯ ಸುದ್ದಿಗಾಗಿ ಆರಂಭಿಸಿದ ಪತ್ರಿಕೆಯು ಮುಂದೆ ಕಿರ್ಲೋಸ್ಕರ್ ಎಂಬ ಹೆಸರಿನ ಪ್ರಸಿದ್ಧ ಮರಾಠಿ ಮಾಸಪತ್ರಿಕೆಯಾಗಿ ಬೆಳೆಯಿತು.

ಲಕ್ಷ್ಮಣರಾಯರ ಮಗ ಶಂತನುರಾಯರು 1903ರಲ್ಲಿ ಜನಿಸಿದವರು. ತಂದೆಗೆ ಪದವಿಯಿರಲಿಲ್ಲ, ಮಗನನ್ನಾದರೋ ಅವರು 1922ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಕಳುಹಿಸಿದರು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶಾಲೆಯಲ್ಲಿ ತಾವು ಮನಸ್ಸಿಡಲಿಲ್ಲವೆಂದು ಅವರು ವಿದ್ಯೆಯನ್ನೇ ಹೀಗಳೆದವರಲ್ಲ. ಕೈಯ ಅನುಭವಕ್ಕೆ ಒಂದು ಮೇರೆಯಿದೆ, ಅದರಾಚೆಗೆ ಗಣಿತವೂ ವಿಜ್ಞಾನವೂ ಬೇಕೆಂಬುದನ್ನು ಅವರು ದುಡಿದು ಅರಿತಿದ್ದರು. ಮಗನು 1926ರಲ್ಲಿ ಎಂಜಿನಿಯರನಾಗಿ ಮರಳಿದನು. ಅದೇ ವರ್ಷ ಕಿರ್ಲೋಸ್ಕರವಾಡಿಯಲ್ಲಿ ಅಪಕೇಂದ್ರ ಪಂಪು ಸಿದ್ಧವಾಯಿತು. ಇದರೊಳಗೆ ಬಾಗಿದ ರೆಕ್ಕೆಗಳುಳ್ಳ ಚಕ್ರವು ವೇಗವಾಗಿ ತಿರುಗಿ, ನಡುವಿನ ನೀರನ್ನು ಅಂಚಿಗೆ ಎಸೆಯುತ್ತದೆ. ಎಸೆಯಲ್ಪಟ್ಟ ನೀರು ಕೊಳವೆಯ ಮೂಲಕ ಮೇಲೇರುತ್ತದೆ. ಮುಂದೆ ಡೀಸೆಲ್ ಎಂಜಿನ್ನೂ ಬಂದಿತು. ಅದರಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುತ್ತದೆ. ಬೇರೆ ಕಿಡಿ ಬೇಕಾಗುವುದಿಲ್ಲ. ಎತ್ತುಗಳನ್ನು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಒಕ್ಕಲಿಗನಿಗೆ ಈ ಎಂಜಿನ್ನೂ ಪಂಪೂ ಕೂಡಿ ಬಾವಿಯ ನೀರನ್ನು ಹೊಲಕ್ಕೆತ್ತಿ ಕೊಟ್ಟುವು.

ಕನ್ನಡ ನಾಡನ್ನು ಈ ಉದ್ಯಮವು ಮರೆಯಲಿಲ್ಲ. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ತುಂಗಭದ್ರೆಯ ತೀರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿತವಾಯಿತು. ಹಲವು ದಶಕಗಳ ಕಾಲ ಅಲ್ಲಿಯ ಲೇಥ್‌ಗಳು ದೇಶದ ಯಂತ್ರಶಾಲೆಗಳಿಗೆಲ್ಲ ಹೋಗುತ್ತಿದ್ದುವು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೂ, ಪುಣೆಯ ಖಡಕಿಯಲ್ಲಿ ಡೀಸೆಲ್ ಎಂಜಿನ್ನುಗಳ ಕಾರ್ಖಾನೆಯೂ ಹುಟ್ಟಿದುವು. ಇಂದು ಮೋಟಾರು ಉದ್ಯಮಕ್ಕೆ ಹೆಸರಾದ ಪುಣೆಯು ಯಂತ್ರನಗರವಾಗಿ ಬೆಳೆದ ಕಥೆಯಲ್ಲಿ ಖಡಕಿಯ ಆ ಕಾರ್ಖಾನೆಯು ಆರಂಭದ ಅಧ್ಯಾಯಗಳಲ್ಲೊಂದು.

ಕಟ್ಟಿದವರ ಬದುಕಿನಲ್ಲಿ ಕೆಡವಿದ್ದನ್ನು ಕಾಣುವ ದಿನವೂ ಬರುತ್ತದೆ. 1948ರ ಜನವರಿ 30ರಂದು ಮಹಾತ್ಮಾ ಗಾಂಧಿಯವರ ಹತ್ಯೆಯಾದ ತರುವಾಯ ದಕ್ಷಿಣ ಮಹಾರಾಷ್ಟ್ರದಲ್ಲಿ ಎದ್ದ ದಂಗೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿದ್ದಿತು. ಲಕ್ಷ್ಮಣರಾಯರಿಗಾಗ ಎಂಬತ್ತರ ಸಮೀಪದ ವಯಸ್ಸು. ಕಳ್ಳಿ ಕಡಿದು ಕಟ್ಟಿದ್ದು ಕಣ್ಣೆದುರಿಗೆ ಉರಿಯಿತು. ಆದರೆ ಕಾರ್ಖಾನೆಯು ಅಲ್ಲಿಗೇ ನಿಲ್ಲಲಿಲ್ಲ. ಮತ್ತೆ ಎದ್ದಿತು, ಮತ್ತೆ ನಡೆಯಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಇಹಲೋಕವನ್ನು ಬಿಟ್ಟರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷಗಳು ತುಂಬಿದಾಗ, ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಬಣ್ಣ ತಿಳಿಯದೆ ಚಿತ್ರಶಾಲೆಯನ್ನು ಬಿಟ್ಟ ಹುಡುಗನು ಕೊನೆಗೆ ತಾನೇ ಚಿತ್ರವಾಗಿ ಮನೆಮನೆಗೂ ಹೋದನು.

ವಿದ್ಯಾರ್ಥಿಮಿತ್ರರೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಓದನ್ನು ಬಿಟ್ಟು ಪಾನಾ ಹಿಡಿಯಿರೆಂದು ನಾವು ಹೇಳುತ್ತಿಲ್ಲ. ಲಕ್ಷ್ಮಣರಾಯರು ತಮ್ಮ ಮಗನಿಗೆ ಹಾಗೆ ಹೇಳಲಿಲ್ಲ. ಆದರೆ ಬಿಚ್ಚುವ ಕೈಗೆ ಮೂರು ಶಿಸ್ತುಗಳಿರಬೇಕೆಂಬುದು ಅವರ ಬಾಳಿನಿಂದ ತಿಳಿಯುತ್ತದೆ. ಮೊದಲನೆಯದು, ಬಿಚ್ಚುವುದಕ್ಕೆ ಮುಂಚೆ ನಕ್ಷೆ ತೆಗೆಯುವುದು. ಯಾವ ತಿರುಪು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳದವನು ಯಂತ್ರವನ್ನು ಕೆಡಿಸುವನೇ ಹೊರತು ಕಲಿಯುವವನಲ್ಲ. ಎರಡನೆಯದು, ಜೋಡಿಸಿ ಮುಗಿಸುವುದು. ಮೂರನೆಯದು, ಇದರಿಂದ ಯಾರಿಗೆ ಉಪಯೋಗವೆಂದು ಕೇಳಿಕೊಳ್ಳುವುದು.

ಈ ಮೂರನೆಯ ಪ್ರಶ್ನೆಯನ್ನು ನಮ್ಮ ನಗರದಲ್ಲಿ ಇಂದು ಕೇಳಬೇಕಾಗಿದೆ. ತಮ್ಮ ಕಾರು, ಮೋಟಾರು ಸೈಕಲ್ಲುಗಳನ್ನು ಬದಲಿಸಿಕೊಳ್ಳುವ ಹವ್ಯಾಸವು ಪುಣೆಯ ತರುಣರಲ್ಲಿ ಬಹಳವಾಗಿದೆ. ಹಳೆಯ ಗಾಡಿಯೊಂದನ್ನು ಭಾಗಭಾಗವಾಗಿ ಬಿಚ್ಚಿ, ತುಕ್ಕು ಉಜ್ಜಿ, ಸವೆದುದನ್ನು ಬದಲಿಸಿ ಮತ್ತೆ ಓಡುವಂತೆ ಮಾಡುವವನು ನಿಜವಾಗಿಯೂ ವಿದ್ಯಾರ್ಥಿ. ಅವನನ್ನು ನಾವು ಮೆಚ್ಚುತ್ತೇವೆ. ಆದರೆ ಸೈಲೆನ್ಸರನ್ನು ಕಿತ್ತೊಗೆದು ನಡುರಾತ್ರಿಯಲ್ಲಿ ರೋಗಿಗಳ ನಿದ್ದೆ ಕೆಡಿಸುವವನು ಕಲಿತದ್ದೇನು? ತಯಾರಕರು ನಿಗದಿಗೊಳಿಸಿದ ಲಕ್ಷಣಗಳು ತಪ್ಪುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. ಬ್ರೇಕು, ಟಾಯರು, ದೀಪ, ಇವುಗಳ ಲೆಕ್ಕವು ಒಂದಕ್ಕೊಂದು ಹೆಣೆದುಕೊಂಡಿದೆ. ಒಂದನ್ನು ಕದಲಿಸಿದರೆ ದಾರಿಹೋಕನ ಪ್ರಾಣಕ್ಕೇ ಅಪಾಯ. ಇಂಥ ಲೆಕ್ಕಗಳನ್ನು ಪರೀಕ್ಷಿಸುವುದಕ್ಕೆಂದೇ 1966ರಲ್ಲಿ ಸ್ಥಾಪಿತವಾದ ಭಾರತೀಯ ವಾಹನ ಸಂಶೋಧನ ಸಂಸ್ಥೆಯು ನಮ್ಮ ಪುಣೆಯ ಗುಡ್ಡದ ಮೇಲೆಯೇ ಇದೆ. ವಾಹನವನ್ನು ಮಾರ್ಪಡಿಸುವ ಆಸೆಯುಳ್ಳವರು ಅಂಥಲ್ಲಿ ಕೆಲಸ ಮಾಡುವಷ್ಟು ಕಲಿಯಲಿ ಎಂಬುದು ನಮ್ಮ ಹಾರೈಕೆ.

ಅಲ್ಲಿಯವರೆಗೆ ನಿಮ್ಮ ಸೈಕಲ್ಲು ಸಾಕು. ಈ ಭಾನುವಾರ ಅದರ ಹಿಂದಿನ ಗಾಲಿಯನ್ನು ಬಿಚ್ಚಿರಿ. ಉರುಳೆಯ ಗುಂಡುಗಳನ್ನು ಎಣಿಸಿ ಬಟ್ಟಲಲ್ಲಿಡಿರಿ. ಎಣ್ಣೆ ಹಾಕಿ, ಒಂದೂ ಉಳಿಯದಂತೆ ಮತ್ತೆ ಜೋಡಿಸಿರಿ. ತಾಯಂದಿರು ಬೈದರೆ ಮೊದಲು ಕೈ ತೊಳೆದುಕೊಂಡು, ಆಮೇಲೆ ಗುರ್ಲಹೊಸೂರಿನ ಆ ಹುಡುಗನ ಕಥೆಯನ್ನು ಅವರಿಗೂ ಹೇಳಿರಿ. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಗಾಡಿಯು ಕಿರ್ಲೋಸ್ಕರವಾಡಿಯಲ್ಲಿ ನಿಂತೀತು. ಬುತ್ತಿಯ ಗಂಟನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಕಿಟಕಿಯಿಂದ ಹೊರಗೆ ನೋಡಿರಿ. ಅಲ್ಲಿ ಒಂದು ಕಾಲಕ್ಕೆ ಕಳ್ಳಿ ಮಾತ್ರವೇ ಇದ್ದಿತು.